ಲ್ಯಾನ್ ಕಾರ್ಡಿನ ಜನ್ಮವೃತ್ತಾಂತ

ಕೃಷ್ಣಾನದಿಯ ಉತ್ತರಕ್ಕೆ ನಾರಾಯಣಪೇಟೆ, ಮಕ್ತಲ್; ದಕ್ಷಿಣಕ್ಕೆ, ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಗದ್ವಾಲ. ಈ ಸೀಮೆಯ ಜೆರಾಕ್ಸ್ ಅಂಗಡಿಗಳಲ್ಲಿ ತೆಲುಗಿನ ಅರ್ಜಿಯನ್ನೂ ಕನ್ನಡದ ಲಗ್ನಪತ್ರಿಕೆಯನ್ನೂ ಒಂದೇ ಕೀಲಿಮಣೆಯಿಂದ ಅಚ್ಚಿಗೆ ಸಿದ್ಧಪಡಿಸುವ ಹಳೆಯ ಡೆಸ್ಕ್‌ಟಾಪುಗಳಿಗೆ ಮುಂಗಾರಿಗೆ ಮುನ್ನಿನ ಗುಡುಗು-ಸಿಡಿಲುಗಳೇ ಪರಮಶತ್ರು. ಕಂಬದಿಂದ ಒಳಕ್ಕೆಳೆದ ಇಂಟರ್ನೆಟ್ ತಂತಿಯ ಮಾರ್ಗವಾಗಿ ಸಿಡಿಲಿನ ವಿದ್ಯುತ್ತು ನುಗ್ಗಿತೆಂದರೆ ಬಹುಮಟ್ಟಿಗೆ ಮೊದಲು ಸುಡುವುದು, ಆ ತಂತಿಯ ತುದಿಯನ್ನು ಹಿಡಿದು ನಿಂತಿರುವ ಲ್ಯಾನ್ ಕಾರ್ಡು.

ಕಾರ್ಡನ್ನು ಬದಲಿಸುವುದು ಸುಲಭ. ಬದಲಿಸಿದ ಮೇಲೆ ಹಸಿರು ದೀಪ ಮಿನುಗುತ್ತಿದ್ದರೂ ಸಂಪರ್ಕ ಮಾತ್ರ ದೊರೆಯದಿದ್ದಾಗ, ದೋಷವನ್ನು ತಂತಿಯಲ್ಲಿಯೋ ಹೊಸ ಕಾರ್ಡಿನಲ್ಲಿಯೋ ಅರಸುತ್ತ ಹೊತ್ತು ಕಳೆಯುವವರೇ ಬಹಳ; ಅನೇಕ ವೇಳೆ ಅದರ ಮೂಲಕಾರಣವಿರುವುದು ಈ ಉಪಕರಣದ ಪೂರ್ವಚರಿತ್ರೆಯಲ್ಲಿ.

೧೯೭೩ರ ಮೇ ೨೨ರಂದು, ನಮ್ಮ ಅಂಗಡಿಗಳ ಹಲಗೆಗಳ ಮೇಲೆ ಇಂದಿಗೂ ಹೆಸರುಳಿಸಿಕೊಂಡಿರುವ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ಎಂಬ ತರುಣನು ಲ್ಯಾನ್ ಕಾರ್ಡಿಗೆ ಆಧಾರವಾದ ಈಥರ್ನೆಟ್ ಎಂಬ ಜಾಲಪದ್ಧತಿಯ ಕಲ್ಪನೆಯನ್ನು ಟಿಪ್ಪಣಿಯೊಂದರಲ್ಲಿ ಬರೆದಿಟ್ಟನು; ಡೇವಿಡ್ ಬಾಗ್ಸ್‌ನೊಡಗೂಡಿ ಅವನು ನಿರ್ಮಿಸಿದ ಜಾಲವು ಸೆಕೆಂಡಿಗೆ ೨೯.೪ ಲಕ್ಷ ಬಿಟ್ಟುಗಳನ್ನು ಸಾಗಿಸುತ್ತಿದ್ದಿತು. ಅಂದು ಯಂತ್ರವೊಂದರ ವಿಳಾಸಕ್ಕೆ ಎಂಟೇ ಬಿಟ್ಟು; ಎಂದರೆ ೨೫೬ ಅಂಕಗಳೊಳಗೆ ಇಡೀ ಜಾಲವು ಅಡಗಬೇಕು. ಒಂದು ಕಟ್ಟಡಕ್ಕೆ ಸಾಕಾದ ಈ ಏರ್ಪಾಡು ಲೋಕಕ್ಕೆ ಸಾಲದೆಂಬುದನ್ನು ಮನಗಂಡು, ಜೆರಾಕ್ಸ್, ಇಂಟೆಲ್, ಡಿಜಿಟಲ್ ಸಂಸ್ಥೆಗಳು ೧೯೮೦ರಲ್ಲಿ ಪ್ರಕಟಿಸಿದ ನಿಯಮಾವಳಿಯು ವಿಳಾಸವನ್ನು ೪೮ ಬಿಟ್ಟುಗಳಿಗೆ ವಿಸ್ತರಿಸಿತು: ೨೮೧ ಲಕ್ಷ ಕೋಟಿಗೂ ಮಿಕ್ಕ ಅಂಕಗಳು! ಅದರ ಪೂರ್ವಾರ್ಧವು ತಯಾರಕನನ್ನೂ ಉತ್ತರಾರ್ಧವು ಅವನ ಒಂದೊಂದು ಕಾರ್ಡನ್ನೂ ಸೂಚಿಸುವಂತೆ ಕಾರ್ಖಾನೆಯಲ್ಲಿಯೇ ಬರೆದಿಡುವ ವಾಡಿಕೆ ಮುಂದೆ ನೆಲೆನಿಂತಿತು. ಮ್ಯಾಕ್ ವಿಳಾಸವೆಂಬುದು ಇದೇ. ಇಷ್ಟು ದೂರದೃಷ್ಟಿಯ ವ್ಯವಸ್ಥೆ ಯಂತ್ರಲೋಕದಲ್ಲಿ ವಿರಳವೆಂದೇ ನನ್ನ ಭಾವನೆ.

ಆದರೆ ವಿಳಾಸವು ಕಾರ್ಡಿಗೆ ಅಂಟಿದ್ದರಿಂದ, ಕಾರ್ಡು ಬದಲಾದೊಡನೆ ಯಂತ್ರವು ಜಾಲಕ್ಕೆ ಅಪರಿಚಿತವಾಗುತ್ತದೆ. ವಿಂಡೋಸ್ ತಂತ್ರಾಂಶವು, ಕಳಚಿ ಹಾಕಿದ ಕಾರ್ಡಿಗೆ ಕೈಯಾರೆ ಕೊಟ್ಟಿದ್ದ ಐಪಿ ವಿಳಾಸವನ್ನು ಅದರ ಹೆಸರಿನಲ್ಲಿಯೇ ಕಾಯ್ದಿಟ್ಟುಕೊಂಡಿದ್ದು, ಹೊಸದಕ್ಕೆ ಅದನ್ನೇ ಕೊಡಹೋದಾಗ ಅದು ಬೇರೊಂದಕ್ಕೆ ಸಂದಿದೆಯೆಂದು ಎಚ್ಚರಿಸುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಮರೆಯಾಗಿರುವ ಸಾಧನಗಳನ್ನು ಹೊರಗೆಡಹಿ ಹಳೆಯದನ್ನು ಅಳಿಸಿದರೆ ತೊಡಕು ಬಿಡುತ್ತದೆ. ಲಿನಕ್ಸಿನ ಕೆಲವು ಹಳೆಯ ಆವೃತ್ತಿಗಳಾದರೋ ಸತ್ತ ಕಾರ್ಡಿಗಾಗಿ ‘ಇಥ್ ಸೊನ್ನೆ’ ಎಂಬ ಹೆಸರನ್ನು ಕಡತವೊಂದರಲ್ಲಿ ಮೀಸಲಿಟ್ಟು, ಹೊಸದನ್ನು ‘ಇಥ್ ಒಂದು’ ಎಂದು ಕರೆಯುತ್ತವೆ. ಮೊದಲಿನ ಹೆಸರಿಗೆ ಬರೆದ ಏರ್ಪಾಡೆಲ್ಲವೂ ಆಗ ನಿಷ್ಫಲ.

ಹೊಸ ಕಾರ್ಡನ್ನು ಕೊಳ್ಳುವ ಮುನ್ನ ಅದು ಕೂರುವ ಸ್ಲಾಟನ್ನು ನೋಡಿಕೊಳ್ಳುವುದು ಅವಶ್ಯ. ೧೯೯೨ರಲ್ಲಿ ಹೊರಬಂದ ಪಿಸಿಐ ಸ್ಲಾಟು ಮಾತ್ರವೇ ಇರುವ ಯಂತ್ರಕ್ಕೆ ಇಂದಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಹೊಂದದು. ಮದರ್‌ಬೋರ್ಡಿನಲ್ಲಿಯೇ ಅಡಕವಾಗಿದ್ದ ಲ್ಯಾನ್ ಸುಟ್ಟಿದ್ದರೆ ಅದನ್ನು ಬಯಾಸಿನಲ್ಲಿ ನಿಷ್ಕ್ರಿಯಗೊಳಿಸುವುದು ಲೇಸು.

ಇಷ್ಟಾಗಿಯೂ ಸಂಪರ್ಕ ದೊರೆಯದಿದ್ದರೆ, ಇಂಟರ್ನೆಟ್ ಒದಗಿಸುವವರು ಹಳೆಯ ಮ್ಯಾಕ್ ವಿಳಾಸವನ್ನೇ ದಾಖಲಿಸಿಕೊಂಡಿರುವ ಸಂಭವವುಂಟು; ಹೊಸ ಕಾರ್ಡಿನ ಮೇಲಿನ ಚೀಟಿಯಲ್ಲಿರುವ ಹನ್ನೆರಡು ಅಕ್ಷರಾಂಕಗಳನ್ನು ಫೋನಿನಲ್ಲಿ ಓದಿ ಹೇಳಿ ಬರೆಯಿಸಬೇಕು.