ಎರಡು ಕೀಲಿಯ ಬಾಗಿಲು

"ತಾತ, ನಿನ್ನ ಎಡಗಣ್ಣಿಗೆ ಮಾತ್ರ ನಿದ್ದೆ ಬಂದಿದೆ!" ಎರಡು ವರ್ಷದ ಹಿಂದೆ ಒಂದು ಸಂಜೆ ನನ್ನ ಮೊಮ್ಮಗಳು ಹೀಗೆಂದು ನಕ್ಕಳು. ಕನ್ನಡಿ ನೋಡಿದೆ. ಎಡ ರೆಪ್ಪೆ ಅರ್ಧ ಇಳಿದಿತ್ತು. ಬೆಳಿಗ್ಗೆ ಎದ್ದಾಗ ಸರಿಯಾಗಿತ್ತು, ಸಂಜೆಗೆ ಮತ್ತೆ ಅದೇ ಕಥೆ. ವಯಸ್ಸಾಯಿತು ಎಂದು ಸುಮ್ಮನಿದ್ದೆ. ಪೇಪರಿನ ಅಕ್ಷರಗಳು ಎರಡೆರಡಾಗಿ ಕಂಡಾಗ ಮಾತ್ರ ಹೆದರಿದೆ. ಬ್ಯಾಂಕಿನಲ್ಲಿ ಅಂಕಿಗಳನ್ನೇ ನೋಡಿ ಬದುಕಿದವನಿಗೆ ಒಂದು ಎರಡಾಗಿ ಕಂಡರೆ ಹೇಗಿರಬೇಡ!

ನರರೋಗದ ಡಾಕ್ಟರು ಮಾಡಿದ ಮೊದಲ ಪರೀಕ್ಷೆಗೆ ಯಂತ್ರವೇ ಬೇಕಾಗಲಿಲ್ಲ. ರಬ್ಬರ್ ಕೈಗವಸಿನಲ್ಲಿ ಐಸ್ ತುಂಬಿ, ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ತೆಗೆದರೆ, ಬಿದ್ದಿದ್ದ ರೆಪ್ಪೆ ಎದ್ದಿತ್ತು! ಆಮೇಲೆ ರಕ್ತಪರೀಕ್ಷೆಯೂ ಆಯಿತು. ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್.

ನಾನು ಬಿ.ಕಾಂ. ಓದಿದವನು, ಜೀವಶಾಸ್ತ್ರ ದೂರ. ಡಾಕ್ಟರು ತಾಳ್ಮೆಯಿಂದ ಹೇಳಿದ್ದನ್ನು ನನ್ನ ಬ್ಯಾಂಕಿನ ಭಾಷೆಗೆ ಇಳಿಸಿಕೊಂಡಿದ್ದೇನೆ, ಕೇಳಿ ಮಕ್ಕಳೇ.

"ರೆಪ್ಪೆ ಎತ್ತು" ಎಂಬ ಮೆದುಳಿನ ಅಪ್ಪಣೆ ನರದಲ್ಲಿ ವಿದ್ಯುತ್ತಾಗಿ ಬರುತ್ತದೆ. ಆದರೆ ನರದ ತುದಿ ಸ್ನಾಯುವಿಗೆ ಅಂಟಿಕೊಂಡಿಲ್ಲ. ನಡುವೆ ತಲೆಗೂದಲ ದಪ್ಪದ ಸಾವಿರದಲ್ಲಿ ಒಂದು ಭಾಗವೂ ಇಲ್ಲದ ಸಂದು ಇದೆ. ವಿದ್ಯುತ್ತು ಅದನ್ನು ದಾಟದು. ಆಗ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸಂದಿಗೆ ಸುರಿಯುತ್ತದೆ. ಆಚೆ ದಡದಲ್ಲಿ, ಸ್ನಾಯುವಿನ ಮೇಲೆ, ಅದನ್ನು ಹಿಡಿಯಲೆಂದೇ ಒಂದು ಪ್ರೋಟೀನ್ ಕುಳಿತಿದೆ. ಅದೇ ಅಸಿಟೈಲ್‌ಕೋಲಿನ್ ಗ್ರಾಹಕ. ಐದು ತುಂಡುಗಳು ದುಂಡಗೆ ನಿಂತು, ನಡುವೆ ಒಂದು ಪುಟ್ಟ ಬಾಗಿಲು.

ಬ್ಯಾಂಕಿನ ಲಾಕರ್ ತೆಗೆಯಲು ನಮ್ಮದೊಂದು ಕೀಲಿ, ಗಿರಾಕಿಯದೊಂದು ಕೀಲಿ, ಎರಡೂ ಬೇಕು. ಈ ಬಾಗಿಲಿಗೂ ಹಾಗೆಯೇ: ಅಸಿಟೈಲ್‌ಕೋಲಿನ್ನಿನ ಎರಡು ಕಣಗಳು ಎರಡು ಕಡೆ ಕೂತರೇ ಸರಿಯಾಗಿ ತೆರೆಯುವುದು. ತೆರೆದಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಮರುಕ್ಷಣವೇ ಒಂದು ಕಿಣ್ವ ಬಂದು ಕೀಲಿಗಳನ್ನೆಲ್ಲ ಮುರಿದು ಹಾಕುತ್ತದೆ. ಇಲ್ಲವಾದರೆ ಎತ್ತಿದ ಕೈ ಎತ್ತಿದಂತೆಯೇ! ಐಸಿನ ತಂಪಿಗೆ ಈ ಕಿಣ್ವದ ಕೈ ನಿಧಾನವಾಗಿ ಕೀಲಿಗಳು ಹೆಚ್ಚು ಹೊತ್ತು ಉಳಿದವು. ಅದಕ್ಕೇ ನನ್ನ ರೆಪ್ಪೆ ಎದ್ದದ್ದು. ನಮ್ಮ ಮೆದುಳಿನೊಳಗೆ ನರಕೋಶಗಳು ತಮ್ಮತಮ್ಮಲ್ಲಿ ಮಾತಾಡುವಾಗಲೂ ಈ ಪ್ರೋಟೀನಿನ ದಾಯಾದಿಗಳು ಕೆಲಸ ಮಾಡುತ್ತವೆ.

ನನ್ನ ಕಾಯಿಲೆಯಲ್ಲಿ ರೋಗಾಣುಗಳ ಮೇಲೆ ಬೀಳಬೇಕಾದ ಪ್ರತಿಕಾಯಗಳು ಲಾಕರುಗಳನ್ನೇ ಕಳ್ಳರೆಂದು ತಿಳಿದು ಮೇಲೆ ಬೀಳುತ್ತವೆ. ಉಳಿದ ಲಾಕರುಗಳು ಕೆಲವೇ. ಕಣ್ಣು ದಣಿದಂತೆ ನರ ಸುರಿಸುವ ಕೀಲಿಗಳೂ ಕಡಿಮೆಯಾಗಿ, ಸಂಜೆಗೆ ರೆಪ್ಪೆ ಇಳಿಯುತ್ತದೆ.

ಇದು ತಿಳಿದದ್ದು ಹೇಗೆ? 1973ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬವರು ವಿದ್ಯುತ್ ಹಾವುಮೀನಿನಿಂದ ಈ ಗ್ರಾಹಕವನ್ನು ತೆಗೆದು ಮೊಲಗಳಿಗೆ ಚುಚ್ಚಿದರು. ಮೊಲಗಳು ಅದರ ವಿರುದ್ಧ ಪ್ರತಿಕಾಯ ತಯಾರಿಸಿಕೊಂಡವು, ಮೈ ಸೋತು ಬಿದ್ದವು. ಪಾಪದ ಮೊಲಗಳು. ನನ್ನಂಥವರ ಗುಟ್ಟು ಹೊರಬಿದ್ದದ್ದು ಅವುಗಳಿಂದ.

ಔಷಧಿ ಅದಕ್ಕೂ ಮೊದಲೇ ಸಿಕ್ಕಿತ್ತು. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಈ ರೋಗಿಗಳು ಕುರಾರೆ ಎಂಬ ಬಾಣದ ವಿಷ ತಗುಲಿದವರಂತೆಯೇ ಇದ್ದಾರಲ್ಲ ಎಂದು ಯೋಚಿಸಿದರು. ಆ ವಿಷಕ್ಕೆ ಕೊಡುತ್ತಿದ್ದ ಮದ್ದನ್ನೇ ಒಬ್ಬ ಹೆಂಗಸಿಗೆ ಚುಚ್ಚಿದರು. ಬಿದ್ದ ರೆಪ್ಪೆ ಎದ್ದಿತು! ಪಶ್ಚಿಮ ಆಫ್ರಿಕದ ಕಾಳೊಂದರಲ್ಲಿ ಸಿಗುವ ಆ ಮದ್ದು ಕೀಲಿ ಮುರಿಯುವ ಕಿಣ್ವವನ್ನು ತಡೆಯುತ್ತದೆ. ನಾನು ನುಂಗುವ ಪಿರಿಡೋಸ್ಟಿಗ್ಮಿನ್ ಮಾತ್ರೆಯ ಕೆಲಸವೂ ಅದೇ.

ನಮ್ಮ ಹೊಲಗದ್ದೆಗಳ ನಾಗರಹಾವಿನ ವಿಷ ಕೂರುವುದೂ ಇದೇ ಕೀಲಿಕಂಡಿಯಲ್ಲಿ. ಅದು ಕಚ್ಚಿದವರ ರೆಪ್ಪೆ ಇಳಿದರೆ ನಿದ್ದೆಯೆಂದು ಬಿಡಬಾರದು, ಮುಂದೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಹಾವು ಕಚ್ಚಿದೊಡನೆ ನೇರ ಆಸ್ಪತ್ರೆಗೆ ಓಡಬೇಕು, ಮಂತ್ರ ಹಾಕಿಸುತ್ತ ಕೂರುವಂತಿಲ್ಲ.

ಈಗ ನಮ್ಮ ಮನೆಯಲ್ಲಿ ಸಂಜೆಗೊಂದು ಆಟವಿದೆ. ನಾನು ತಾರಸಿಯನ್ನೇ ದಿಟ್ಟಿಸಬೇಕು, ಮೊಮ್ಮಗಳು ಅರವತ್ತರವರೆಗೆ ಎಣಿಸುತ್ತಾಳೆ. ನಿನ್ನೆ ನಲವತ್ತೆರಡಕ್ಕೇ ನಿಲ್ಲಿಸಿದಳು.

"ತಾತ, ಮಧ್ಯಾಹ್ನದ ಮಾತ್ರೆ ತಗೊಂಡ್ಯಾ?"

ತೆಗೆದುಕೊಂಡಿರಲಿಲ್ಲ.