ಸೆರೆಯಿಂದ ಮರಳಿದವರ ಕಥನ: ಬಾರಕೂರಿನ ಹಸ್ತಪ್ರತಿ, ಅತ್ತೂರಿನ ಐತಿಹ್ಯ, ನಾಲ್ಕುನಾಡಿನ ಅರಮನೆ

ಕನ್ನಡ ನಾಡಿನಲ್ಲಿ ಯುದ್ಧದ ನೆನಪನ್ನು ಹೊತ್ತು ನಿಂತಿರುವ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ತುರುಗೊಳ್ ಕಾಳಗದಲ್ಲಿ, ಪೆಣ್ಬುಯ್ಯಲಿನಲ್ಲಿ, ಊರಳಿವಿನಲ್ಲಿ ಸತ್ತವನಿಗೆ ಕಲ್ಲು ನಿಂತಿದೆ. ಆತನ ಮನೆಯವರಿಗೆ ಭೂಮಿ ದೊರೆತಿದೆ. ತುಳುನಾಡಿಗೆ ಬಂದರೆ ಅಕಾಲದಲ್ಲಿ, ಅನ್ಯಾಯದಿಂದ ಮಡಿದವರು ಮಾಯಕಕ್ಕೆ ಸಂದು ದೈವಗಳಾಗುತ್ತಾರೆ. ಅವರ ಬದುಕು ಪಾಡ್ದನವಾಗುತ್ತದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೀರ ಕಲ್ಕುಡನ ಕೈಕಾಲುಗಳನ್ನು ಭೈರರಸ ಕಡಿಸಿದನೆಂದೂ ಆತನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಸೇಡು ತೀರಿಸಿಕೊಂಡರೆಂದೂ ಪಾಡ್ದನ ಹೇಳುತ್ತದೆ. ಆದರೆ ಶತ್ರುವಿನ ಕೈಗೆ ಸಿಕ್ಕಿ, ಸಾಯದೆ, ವರ್ಷಗಟ್ಟಲೆ ಸೆರೆಯಲ್ಲಿದ್ದು, ಕೊನೆಗೊಂದು ದಿನ ಊರಿಗೆ ಮರಳಿ ಬಂದವನಿಗೆ ಈ ಪರಂಪರೆಯಲ್ಲಿ ಸ್ಥಾನವೆಲ್ಲಿ? ಆತನಿಗೆ ಕಲ್ಲಿಲ್ಲ, ಕೋಲವಿಲ್ಲ. ಸತ್ತವನನ್ನು ನೆನೆಯುವ ರೂಪಗಳು ಸಿದ್ಧವಾಗಿದ್ದವು. ಮರಳಿದವನು ತನ್ನ ಅನುಭವಕ್ಕೆ ರೂಪವನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಉಡುಪಿ, ಕಾಪು, ಕಾರ್ಕಳ ಸೀಮೆಯಿಂದ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರ ಸಂದರ್ಭದಲ್ಲಿ ಈ ಹುಡುಕಾಟದ ಕೆಲವು ಕುರುಹುಗಳು ಉಳಿದುಬಂದಿವೆ.

ಎರಡನೆಯ ಮೈಸೂರು ಯುದ್ಧದಲ್ಲಿ ಮಂಗಳೂರಿನ ಕೋಟೆ ಇಂಗ್ಲಿಷರ ವಶವಾಗಿ, ದೀರ್ಘ ಮುತ್ತಿಗೆಯ ನಂತರ 1784ರ ಜನವರಿ ಕೊನೆಯಲ್ಲಿ ಕರ್ನಲ್ ಕ್ಯಾಂಪ್‌ಬೆಲ್ಲನು ಅದನ್ನು ಟಿಪ್ಪು ಸುಲ್ತಾನನಿಗೆ ಒಪ್ಪಿಸಿದನು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿದ್ದಿತು. ಈ ನಡುವೆ, ಯುದ್ಧಕಾಲದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಹಿಡಿದು ಘಟ್ಟದ ಮೇಲಕ್ಕೆ ಸಾಗಿಸಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು. ಹಿಡಿದವರ ಸಂಖ್ಯೆಯ ಬಗೆಗೆ ಒಮ್ಮತವಿಲ್ಲ. ಮಾರ್ಕ್ ವಿಲ್ಕ್ಸ್ 30,000 ಎನ್ನುತ್ತಾನೆ. ಟಿಪ್ಪುವಿನ ಆಸ್ಥಾನದ್ದೇ ಆದ 'ಸುಲ್ತಾನ್-ಉತ್-ತವಾರೀಖ್' 60,000 ಎನ್ನುತ್ತದೆ. ಇನ್ನೂ ಹೆಚ್ಚು ಹೇಳುವವರಿದ್ದಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಮರಳಿದರು. ಮರಳಿದವರು ಹೋದವರ ಒಂದು ಪಾಲು ಮಾತ್ರ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಎಲ್ಲ ಊರುಗಳ ಅನುಭವವೂ ಒಂದೇ ಆಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಮೂಡುಬಿದಿರೆ ಸಮೀಪದ ಹೊಸಪೇಟೆಯ ಇಗರ್ಜಿ ಅಲ್ಲಿನ ಜೈನ ಅರಸ ಚೌಟರ ಮಧ್ಯಸ್ಥಿಕೆಯಿಂದ ಉಳಿಯಿತು.

ಸಮುದಾಯದ ನೆನಪು ಈ ಘಟನೆಯನ್ನು ಗುರುತಿಸುವುದು ವಿಭೂತಿ ಬುಧವಾರದೊಂದಿಗೆ. ಮಣ್ಣಿನಿಂದ ಬಂದವನು ಮಣ್ಣಿಗೆ ಸಲ್ಲುವನೆಂದು ಹಣೆಗೆ ಬೂದಿ ಹಚ್ಚುವ, ನಲವತ್ತು ದಿನಗಳ ತಪಸ್ಸುಕಾಲ ಆರಂಭವಾಗುವ ದಿನವದು. ತಾರೀಖು ಒಂದು ದಿನ ಹಿಂದೆಮುಂದೆ ಆಗಿರಬಹುದು. ಅದು ಇತಿಹಾಸಕಾರನ ತಲೆನೋವು. ಜಾನಪದ ದೃಷ್ಟಿಯಿಂದ ಮುಖ್ಯವಾದುದು, ಸೆರೆಯ ದಿನವನ್ನು ಆರಾಧನೆಯ ಪಂಚಾಂಗದೊಳಕ್ಕೆ ತಂದು ಕೂರಿಸಿದ ಕ್ರಮ. ಅಲ್ಲಿಂದ ಮುಂದೆ ಘಟ್ಟ ಹತ್ತಿದ ನಡಿಗೆಯೂ ಶಿಲುಬೆಯ ಹಾದಿಯಾಗುತ್ತದೆ.

ಈ ಪರಂಪರೆಯಲ್ಲಿ ಬರಹರೂಪದಲ್ಲಿ ದೊರೆಯುವ ಮುಖ್ಯ ಕೃತಿ ಬಾರಕೂರಿನ ಹಸ್ತಪ್ರತಿ. ಶ್ರೀರಂಗಪಟ್ಟಣದ ಸೆರೆಯಿಂದ ಮರಳಿದ ಬಾರಕೂರಿನ ಕ್ರೈಸ್ತನೊಬ್ಬ ಇದನ್ನು ಬರೆದನು, ಬರೆದದ್ದು ಕನ್ನಡದಲ್ಲಿ. ಈ ಕೊನೆಯ ಸಂಗತಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಆ ಸಮುದಾಯದ ಮನೆಮಾತು ಕೊಂಕಣಿ. ಪ್ರಾರ್ಥನೆಯ ಭಾಷೆ ಲ್ಯಾಟಿನ್. ಪಾದ್ರಿಗಳ ವ್ಯವಹಾರದ ಭಾಷೆ ಪೋರ್ಚುಗೀಸ್. ಆದರೆ ಭೂಮಿಯ ಪತ್ರ, ಕಂದಾಯದ ಕಡತ, ಸಾಲದ ಕರಾರು ಇವೆಲ್ಲ ಕರಾವಳಿಯಲ್ಲಿ ಕನ್ನಡದಲ್ಲಿ ನಡೆಯುತ್ತಿದ್ದವು. ಸೀತಾನದಿ ದಾಟಿದೊಡನೆ ತುಳು ಹಿಂದೆ ಸರಿದು ಕುಂದಗನ್ನಡ ಕಿವಿಗೆ ಬೀಳುವ ಸೀಮೆ ಬಾರಕೂರು. ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿದ್ದ ಪಟ್ಟಣ. ಅಂಥ ಊರಿನವನು, ನಡೆದುದನ್ನು ದಾಖಲಿಸಬೇಕೆಂದುಕೊಂಡಾಗ, ದಾಖಲೆಯ ಭಾಷೆಯನ್ನೇ ಆರಿಸಿಕೊಂಡದ್ದು ಸಹಜ. ಮನೆಯಲ್ಲಿ ಅತ್ತು ಹೇಳುವುದಕ್ಕೆ ಕೊಂಕಣಿ. ನಾಲ್ಕು ಜನರ ಮುಂದೆ ಸಾಕ್ಷಿ ನುಡಿಯುವುದಕ್ಕೆ ಕನ್ನಡ.

ಈ ಹಸ್ತಪ್ರತಿಯಿಂದ ಪದೇ ಪದೇ ಉದ್ಧರಣೆಗೊಂಡಿರುವುದು ಟಿಪ್ಪು ತನ್ನ ಮತೀಯರನ್ನು ಒಗ್ಗೂಡಲು ಕರೆದು ಆಡಿದನೆಂದು ಹೇಳಲಾದ ಒಂದು ಭಾಷಣ. ಟಿಪ್ಪುವಿನ ಪರವಾಗಿ ಬರೆಯುವವರು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ವಿರುದ್ಧವಾಗಿ ಬರೆಯುವವರು ಅದನ್ನು ಸುಲ್ತಾನನ ಬಾಯಿಂದ ಬಂದ ಮಾತೆಂದೇ ಹಿಡಿಯುತ್ತಾರೆ. ಕಥನದ ರೀತಿನೀತಿ ಬಲ್ಲವರಿಗೆ ಎರಡೂ ಅವಸರದ ತೀರ್ಮಾನಗಳು. ಬಾರಕೂರಿನ ಒಬ್ಬ ಸಾಮಾನ್ಯ ಸೆರೆಯಾಳು ಸುಲ್ತಾನನ ಆಪ್ತ ಸಭೆಯಲ್ಲಿ ಕುಳಿತಿರುವ ಸಂಭವ ತೀರ ಕಡಿಮೆ. ಆದರೆ ಅರಸನನ್ನು ರಂಗಕ್ಕೆ ತಂದು, ಮುಂದೆ ನಡೆಯಲಿರುವ ಅನರ್ಥದ ಸಂಕಲ್ಪವನ್ನು ಅವನ ಬಾಯಿಂದಲೇ ನುಡಿಸುವುದು ನಮ್ಮ ಕಥನಗಳಲ್ಲಿ ಪಳಗಿದ ಕ್ರಮ. ಯಕ್ಷಗಾನದ ಒಡ್ಡೋಲಗದಲ್ಲಿ ಅದಿದೆ, ಪಾಡ್ದನದ ಬೀಡಿನ ಸನ್ನಿವೇಶಗಳಲ್ಲಿ ಅದಿದೆ. ತನಗೇಕೆ ಹೀಗಾಯಿತೆಂಬ ಪ್ರಶ್ನೆಗೆ ಉತ್ತರ ತಿಳಿಯದವನು, ಕಾಣದ ಸಭೆಯೊಂದನ್ನು ಕಟ್ಟಿ ಅಲ್ಲಿಂದ ಉತ್ತರ ಪಡೆಯುತ್ತಾನೆ. ಹೀಗೆಂದ ಮಾತ್ರಕ್ಕೆ ಸೆರೆ ಸುಳ್ಳಾಗುವುದಿಲ್ಲ. ಸೆರೆಯ ಸತ್ಯವೂ ಭಾಷಣದ ರಚನೆಯೂ ಒಂದೇ ಹಸ್ತಪ್ರತಿಯಲ್ಲಿ ಜೊತೆಯಾಗಿ ಇರಬಲ್ಲವು. ಆ ಒಂದು ವಾಕ್ಯವೃಂದವನ್ನು ಕಿತ್ತು ವಾದಕ್ಕೆ ಬಳಸಿದಾಗ ನಷ್ಟವಾಗುವುದು ಬರೆದವನಿಗೆ: ಅವನು ಸಾಕ್ಷಿಯಾಗಿ ಉಳಿಯುತ್ತಾನೆ, ಕರ್ತೃವಾಗಿ ಮರೆಯಾಗುತ್ತಾನೆ.

ಅದೇ ಸೆರೆಮನೆಗಳಲ್ಲಿದ್ದ ಇಂಗ್ಲಿಷರಿಗೆ ಈ ತೊಂದರೆ ಇರಲಿಲ್ಲ. ಅವರ ಹಿಂದೆ ಸೆರೆಯ ಕಥನಗಳನ್ನು ಅಚ್ಚುಹಾಕುವ, ಕೊಂಡು ಓದುವ ಒಂದು ಪೇಟೆಯೇ ಇತ್ತು. 1780ರ ಪೊಲ್ಲಿಲೂರು ಕಾಳಗದಲ್ಲಿ ಸಿಕ್ಕಿಬಿದ್ದ ಕ್ರಾಮ್‌ವೆಲ್ ಮ್ಯಾಸ್ಸಿ ಶ್ರೀರಂಗಪಟ್ಟಣದಲ್ಲಿ ಬಚ್ಚಿಡಬಹುದಾದಷ್ಟು ಚಿಕ್ಕ ಹಾಳೆಗಳಲ್ಲಿ, ಇರುವೆಸಾಲಿನಂಥ ಅಕ್ಷರಗಳಲ್ಲಿ ದಿನಚರಿ ಬರೆದನು. ಅದು 1912ರಲ್ಲಿ ಮುದ್ರಣ ಕಂಡಿತು. ಜೇಮ್ಸ್ ಬ್ರಿಸ್ಟೋವನ ಕಥನ 1790ರ ದಶಕದಲ್ಲೇ ಹೊರಬಂದಿತು. ಇವರೆಲ್ಲರಿಗಿಂತ ಕರಾವಳಿಗೆ ಹತ್ತಿರದವನು ಜೇಮ್ಸ್ ಸ್ಕರಿ. ಹದಿಹರೆಯದಲ್ಲಿ ಫ್ರೆಂಚರ ನೌಕಾಪಡೆಗೆ ಸಿಕ್ಕಿ, 1782ರಲ್ಲಿ ಹೈದರನ ಕಡೆಗೆ ಹಸ್ತಾಂತರಗೊಂಡು, ಹತ್ತು ವರ್ಷ ಮೈಸೂರು ಸೀಮೆಯಲ್ಲಿದ್ದವನು. 1824ರಲ್ಲಿ, ಆತ ತೀರಿಕೊಂಡ ಮೇಲೆ, ಲಂಡನ್ನಿನಲ್ಲಿ ಪ್ರಕಟವಾದ ಪುಸ್ತಕದಲ್ಲಿ ಕೆನರಾದಿಂದ ತಂದ ಕ್ರೈಸ್ತರ ಪಾಡನ್ನೂ ಅವರಲ್ಲಿ ಕೆಲವರಿಗಾದ ಅಂಗಚ್ಛೇದದ ಶಿಕ್ಷೆಯನ್ನೂ ವಿವರಿಸಿದ್ದಾನೆ. ಸ್ಕರಿ ಊರಿಗೆ ಮರಳಿದಾಗ ಅವನ ಇಂಗ್ಲಿಷು ತೊದಲುತ್ತಿತ್ತು, ಕುರ್ಚಿಯಲ್ಲಿ ಕೂರುವುದೂ ಚೂರಿಮುಳ್ಳು ಹಿಡಿದು ಉಣ್ಣುವುದೂ ಅವನಿಗೆ ಮರೆತಿತ್ತು. ಶ್ರೀರಂಗಪಟ್ಟಣದಲ್ಲಿ ಅವನಿಗೊಬ್ಬ ಹೆಂಡತಿಯಿದ್ದಳು. ಅವಳನ್ನು ಬಿಟ್ಟುಬಂದ ನೋವು ಪುಸ್ತಕದಲ್ಲಿದೆ. ಬಾರಕೂರಿನವನು ಹದಿನೈದು ವರ್ಷಗಳ ಮೇಲೆ ಮನೆಯಂಗಳಕ್ಕೆ ಕಾಲಿಟ್ಟಾಗ ಅವನ ನಾಲಗೆಯ ಮೇಲೆ ಯಾವ ಮಾತಿತ್ತು ಎಂದು ಬರೆದಿಟ್ಟ ಸಂಪಾದಕರು ಯಾರೂ ಇರಲಿಲ್ಲ.

ಬರಹ ಬಲ್ಲವರು ಕೆಲವರೇ. ಉಳಿದವರ ಕಥನ ಸ್ಥಳಕ್ಕೆ ಅಂಟಿಕೊಂಡಿತು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಯ ಐತಿಹ್ಯ ಇದಕ್ಕೆ ಉತ್ತಮ ನಿದರ್ಶನ. ಕಾರ್ಕಳದ ಕ್ರೈಸ್ತ ನೆಲೆಯ ಆರಂಭವನ್ನು 1759ಕ್ಕೆ ಒಯ್ಯಲಾಗುತ್ತದೆ. 1784ರಲ್ಲಿ ಇಗರ್ಜಿ ನಾಶವಾಯಿತು, ಜನ ಸೆರೆಹೋದರು. ಮರಳಿ ಬಂದವರು 1801ರಲ್ಲಿ ಇನ್ನೊಂದನ್ನು ಕಟ್ಟಿಕೊಂಡರು. ಅದೂ ನಿಲ್ಲದೆ ಹೋದಾಗ, 1839ರ ಸುಮಾರಿಗೆ, ಪಾದ್ರಿಯೂ ಭಕ್ತರೂ ಸಂತ ಲಾರೆನ್ಸರ ಮರದ ಪುಟ್ಟ ಪ್ರತಿಮೆಯನ್ನು ಹೊತ್ತು ಹೊಸ ಜಾಗ ಹುಡುಕುತ್ತ ಹೊರಟರು. ಅತ್ತೂರಿನ ಪರ್ಪಲೆ ಗುಡ್ಡದ ಬಳಿ, ನೀರಿನ ಒರತೆಯ ಪಕ್ಕದಲ್ಲಿ ಪ್ರತಿಮೆಯನ್ನು ನೆಲಕ್ಕಿಳಿಸಿ ದಣಿವಾರಿಸಿಕೊಂಡರು. ಮತ್ತೆ ಎತ್ತಹೋದರೆ ಪ್ರತಿಮೆ ಕದಲಲಿಲ್ಲ. ಇಲ್ಲಿಯೇ ಇಗರ್ಜಿ ಕಟ್ಟುತ್ತೇವೆಂದು ಹರಕೆ ಹೊತ್ತ ಮೇಲೆ ಸುಲಭವಾಗಿ ಮೇಲೆದ್ದಿತು.

ನೆಲಕ್ಕಿಟ್ಟ ಮೂರ್ತಿ ಮೇಲೇಳದಿರುವ ಆಶಯ ಕರಾವಳಿಗೆ ಹೊಸತಲ್ಲ. ಗೋಕರ್ಣದಲ್ಲಿ ಬಾಲಗಣಪತಿ ನೆಲಕ್ಕಿಟ್ಟ ಆತ್ಮಲಿಂಗವನ್ನು ರಾವಣ ಎತ್ತಲಾರದೆ ಹೋದ ಕಥೆಯನ್ನು ಇಲ್ಲಿನ ಮಕ್ಕಳೂ ಬಲ್ಲರು. ಎಷ್ಟೋ ದೇವಸ್ಥಾನಗಳ ಸ್ಥಳಪುರಾಣಗಳಲ್ಲಿ ಇದೇ ಆಶಯ ಬರುತ್ತದೆ. ಹಾಗಾಗಿ ಅತ್ತೂರಿನ ಕಥೆಯನ್ನು ಸೆರೆಯ ನೇರ ಸ್ಮರಣೆಯೆನ್ನುವುದು ಅತಿರೇಕವಾದೀತು. ಕಥೆಯಲ್ಲಿ ಶ್ರೀರಂಗಪಟ್ಟಣದ ಹೆಸರೇ ಇಲ್ಲ. ಆದರೆ ಹೇಳಿದವರು ಯಾರು, ಎಂದು ಕೇಳಬೇಕು. 1839ರಲ್ಲಿ ಆ ಪ್ರತಿಮೆಯ ಹಿಂದೆ ನಡೆದವರಲ್ಲಿ ಸೆರೆಯಲ್ಲಿ ಬಾಲ್ಯ ಕಳೆದ ಮುದುಕರೂ ಅವರ ಮಕ್ಕಳೂ ಇದ್ದಿರಲೇಬೇಕು. ತಮ್ಮ ಇಚ್ಛೆಯಿಲ್ಲದೆ ನೆಲದಿಂದ ಕಿತ್ತು ಸಾಗಿಸಲ್ಪಟ್ಟ ಜನ, ನೆರೆಹೊರೆಯ ಕಥೆಗಳ ಭಂಡಾರದಿಂದ ಯಾರೂ ಕದಲಿಸಲಾಗದ ಮೂರ್ತಿಯ ಕಥೆಯನ್ನೇ ಆಯ್ದುಕೊಂಡರು. ಇಂದಿಗೂ ಜನವರಿಯ ವಾರ್ಷಿಕ ಜಾತ್ರೆಗೆ ಎಲ್ಲ ಮತದವರೂ ಬರುತ್ತಾರೆ, ಒರತೆಯ ನೀರನ್ನು ಒಯ್ಯುತ್ತಾರೆ. 2016ರಲ್ಲಿ ಇಗರ್ಜಿಗೆ ಕಿರು ಬಸಿಲಿಕದ ಪದವಿ ಸಂದಿತು. ಕರಾವಳಿಯ ಜಾನಪದ ಅಧ್ಯಯನದ ಹೆಚ್ಚಿನ ಶ್ರಮ ಪಾಡ್ದನ, ಭೂತಾರಾಧನೆ, ಯಕ್ಷಗಾನಗಳ ಕಡೆಗೆ ಹರಿದಿರುವುದರಿಂದ, ಕಾಪು, ಶಿರ್ವ, ಕಲ್ಯಾಣಪುರಗಳ ಕ್ರೈಸ್ತ ಮನೆತನಗಳಲ್ಲಿ ಇಂಥ ಕಥೆಗಳನ್ನು ಹುಡುಕುವ ಕೆಲಸ ಇನ್ನೂ ಸಾಕಷ್ಟು ಉಳಿದಿದೆ. 1678ರಷ್ಟು ಹಳೆಯ ಮಿಲಾಗ್ರಿಸ್ ಇಗರ್ಜಿಯಿರುವ ಕಲ್ಯಾಣಪುರ ಉಡುಪಿಗೂ ಮಣಿಪಾಲಕ್ಕೂ ಕೂಗಳತೆಯಲ್ಲಿದೆ.

ಘಟ್ಟದ ಮೇಲೆ, ಕೊಡಗಿನಲ್ಲಿ, ಅದೇ ಕಾಲದ ಇನ್ನೊಬ್ಬ ಸೆರೆಯಾಳಿಗೆ ಸಾಧನಗಳ ಕೊರತೆಯಿರಲಿಲ್ಲ. ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ಬಾಲಕನಾಗಿದ್ದಾಗಲೇ ಕುಟುಂಬದೊಡನೆ ಗೊರೂರಿನಲ್ಲಿಯೂ ಅನಂತರ ಪಿರಿಯಾಪಟ್ಟಣದಲ್ಲಿಯೂ ಮೈಸೂರಿನವರ ಬಂಧಿಯಾಗಿದ್ದು, 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮರಳಿ ಪಡೆದನು. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಾಡಿನ ಮರೆಯಲ್ಲಿ, 1792ರಿಂದ ಅವನು ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು ನೋಡಿದವರಿಗೆ ಅದು ಒಮ್ಮೆ ಬಂಧನದಲ್ಲಿದ್ದವನ ಮನೆಯೆಂಬುದು ತಿಳಿಯದಿರದು. ಸುಲಭವಾಗಿ ತಲುಪಲಾಗದ ಜಾಗ. ಒಳಗೆ ಮಾತ್ರ ಬಣ್ಣದ ಚಿತ್ರಗಳು, ಕುಸುರಿಯ ಮರಗೆಲಸ. ಇದರೊಡನೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗನ್ನು ಹೋಲಿಸಬೇಕು. ಅಲ್ಲಿನ ಗೋಡೆಯ ಮೇಲೆ ಪೊಲ್ಲಿಲೂರಿನ ಗೆಲುವು ವಿಸ್ತಾರವಾಗಿ ಹರಡಿದೆ. ಸೆರೆಸಿಗಲಿರುವ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕುಳಿತಿದ್ದಾನೆ. ಅಲ್ಲಿ ಸೆರೆಯಾಳು ಚಿತ್ರದ ವಸ್ತು, ನಾಲ್ಕುನಾಡಿನಲ್ಲಿ ಅವನೇ ಚಿತ್ರ ಬರೆಯಿಸಿದ ಯಜಮಾನ.

ವೀರರಾಜೇಂದ್ರ ಅಷ್ಟಕ್ಕೆ ನಿಲ್ಲಲಿಲ್ಲ. 1633ರಿಂದ 1807ರವರೆಗಿನ ಕೊಡಗಿನ ಅರಸರ ಚರಿತ್ರೆಯಾದ 'ರಾಜೇಂದ್ರನಾಮೆ'ಯನ್ನು ಕನ್ನಡದಲ್ಲಿ ಬರೆಯಿಸಿದನು. ರಾಬರ್ಟ್ ಅಬರ್‌ಕ್ರಾಂಬಿ ಎಂಬ ಲೆಫ್ಟಿನೆಂಟ್ 1808ರಲ್ಲಿ ಮಂಗಳೂರಿನಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ಹರ್ಮನ್ ಮೋಗ್ಲಿಂಗನ 1855ರ ಕೊಡಗಿನ ಗ್ರಂಥಕ್ಕೆ ಇದು ಆಧಾರವಾಯಿತು. ಪಟ್ಟದರಸಿ ತೀರಿಕೊಂಡು, ಮಗಳು ದೇವಮ್ಮಾಜಿಗೆ ಪಟ್ಟ ದಕ್ಕಿಸಿಕೊಡುವ ಚಿಂತೆಯಲ್ಲಿ ಅರಸ ಕುದಿಯುತ್ತಿದ್ದ ಕಾಲವದು. ಸೆರೆಯೂ ಪಲಾಯನವೂ ಇಲ್ಲಿ ವಂಶದ ಹಕ್ಕಿನ ಪುರಾವೆಗಳಾಗುತ್ತವೆ. ಬಾರಕೂರಿನವನು ಓದುಗರು ಯಾರೆಂದು ತಿಳಿಯದೆ ಬರೆದನು. ಕೊಡಗಿನ ಅರಸನಿಗೆ ತನ್ನ ಓದುಗರು ಕಂಪೆನಿ ಸರ್ಕಾರದವರೆಂದು ಚೆನ್ನಾಗಿ ತಿಳಿದಿತ್ತು.

ಇವರಿಬ್ಬರ ದಾರಿಗಳು ಒಂದು ಕಡೆ ಕೂಡುತ್ತವೆ. 1792ರಲ್ಲಿ ವೀರರಾಜೇಂದ್ರ ತನ್ನ ಹೆಸರಿನಲ್ಲಿ ಕಟ್ಟಿಸಿದ ವೀರರಾಜಪೇಟೆಯಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ನೆಲೆ ಕೊಟ್ಟನು. ಸಂತ ಅನ್ನಮ್ಮನವರ ಇಗರ್ಜಿ ಆ ವರ್ಷದ್ದೇ. ಕರಾವಳಿಗೆ ಹಿಂದಿರುಗದೆ ಅಲ್ಲಿಯೇ ಉಳಿದ ಈ ಮನೆತನಗಳ ಹೇಳಿಕೆಗಳನ್ನೂ ಕಾರ್ಕಳ, ಬಾರಕೂರುಗಳ ಹೇಳಿಕೆಗಳನ್ನೂ ಎದುರುಬದುರಿಟ್ಟು ನೋಡಿದರೆ, ಮರಳಿದವರೂ ಮರಳದವರೂ ಒಂದೇ ಸೆರೆಯನ್ನು ಹೇಗೆ ಬೇರೆ ಬೇರೆಯಾಗಿ ಹೇಳಿಕೊಂಡರೆಂಬುದು ಸ್ಪಷ್ಟವಾದೀತು. ಇಪ್ಪತ್ತನೆಯ ಶತಮಾನದಲ್ಲಿ ವಿ.ಜೆ.ಪಿ. ಸಲ್ಡಾನ್ಹಾ ಅವರು 'ಬೆಳ್ತಂಗಡಿಚೊ ಬಾಲ್ತಜಾರ್', 'ಸರ್ದಾರಾಂಚಿ ಸಿನೊಲ್' ಮೊದಲಾದ ಕೊಂಕಣಿ ಕಾದಂಬರಿಗಳಲ್ಲಿ ಈ ವಸ್ತುವನ್ನು ಎತ್ತಿಕೊಂಡರು. ಹಿಂದೆ ಕನ್ನಡದಲ್ಲಿ ಸಾಕ್ಷಿ ನುಡಿದಿದ್ದ ಸಮುದಾಯವು ತನ್ನ ಸೆರೆಯ ಕಥೆಯನ್ನು ಆ ಹೊತ್ತಿಗೆ ಮನೆಮಾತಿನಲ್ಲಿಯೇ ಬರೆಯತೊಡಗಿತ್ತು.