ಹಳೆಯ ವ್ಯಾನಿಗೆ ಒಪ್ಪುವ ಬ್ರೇಕಿನ ಭಾಗಗಳು

ವಾಹನವೆಂದೊಡನೆ ಜನರ ಗಮನ ಹರಿಯುವುದು ಸಾಮಾನ್ಯವಾಗಿ ಎಂಜಿನ್ನಿನ ಕಡೆಗೆ. ಓಡಿಸುವ ಶಕ್ತಿ ಎಂಜಿನ್ನಿನದು, ನಿಜ. ಆದರೆ ಓಡುತ್ತಿರುವ ವಾಹನವನ್ನು ಬೇಕಾದ ಸ್ಥಳದಲ್ಲಿ, ಬೇಕಾದ ಗಳಿಗೆಯಲ್ಲಿ ನಿಲ್ಲಿಸುವ ಹೊಣೆ ಬ್ರೇಕಿನದು. ಎಂಜಿನ್ನು ಕೈಕೊಟ್ಟರೆ ಪ್ರಯಾಣ ನಿಲ್ಲುತ್ತದೆ. ಬ್ರೇಕು ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಹಳೆಯ ವಾಹನವನ್ನು ಅಭಿಮಾನದಿಂದ ಉಳಿಸಿಕೊಂಡವರು ಮೊದಲು ಬಣ್ಣ ಬಳಿಸುತ್ತಾರೆ, ಸೀಟು ಹೊಲಿಸುತ್ತಾರೆ, ಒಡೆದ ಗಾಜು ಹಾಕಿಸುತ್ತಾರೆ. ಕೊನೆಗೆ ಬ್ರೇಕಿನ ವಿಚಾರ ಬಂದಾಗ ‘ಯಾವುದಾದರೂ ಒಂದು ಸಿಕ್ಕೀತು’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅಪಾಯ ಅಡಗಿರುವುದು ಆ ‘ಯಾವುದಾದರೂ’ ಎಂಬ ಮಾತಿನಲ್ಲಿಯೇ.

ಮಟಾಡೋರ್ ಎಂಬ ಹೆಸರು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಂತಹ ಗ್ರಾಮಗಳಲ್ಲಿ ವ್ಯಾನು ಎಂದರೆ ಬಹುಕಾಲ ಮಟಾಡೋರ್ ಎಂದೇ ಅರ್ಥವಾಗಿತ್ತು. ತರಕಾರಿಯ ಮೂಟೆ, ಮದುವೆಯ ದಿಬ್ಬಣ, ಶಾಲೆಯ ಮಕ್ಕಳು ಎಲ್ಲಕ್ಕೂ ಅದೇ ಬಂಡಿ. ಅದರ ಮೂಲ ಜರ್ಮನಿಯದು. ಹ್ಯಾಂಬರ್ಗ್ ಪ್ರದೇಶದ ‘ಟೆಂಪೊ’ ಕಾರ್ಖಾನೆ 1949ರಲ್ಲಿ ಈ ಹೆಸರಿನ ವಾಹನವನ್ನು ಹೊರತಂದಿತು. ಭಾರತದಲ್ಲಿ ಎನ್. ಕೆ. ಫಿರೋದಿಯಾ ಅವರು 1958ರಲ್ಲಿ ಸ್ಥಾಪಿಸಿದ ಬಜಾಜ್ ಟೆಂಪೊ ಸಂಸ್ಥೆ 1969ರಲ್ಲಿ ಮಟಾಡೋರ್ ತಯಾರಿಕೆಗೆ ಕೈಹಾಕಿತು. ಮುಂದೆ ಅದೇ ಸಂಸ್ಥೆ ಫೋರ್ಸ್ ಮೋಟಾರ್ಸ್ ಎಂಬ ಹೆಸರನ್ನು ತಳೆಯಿತು. ಮಟಾಡೋರಿನ ತಯಾರಿಕೆ ನಿಂತು ಎರಡು ದಶಕಗಳು ಕಳೆದಿದ್ದರೂ, ಹಳೆಯ ನೆನಪಿಗೆಂದು ಅದನ್ನು ಉಳಿಸಿಕೊಂಡವರು ಅಲ್ಲಲ್ಲಿ ಇದ್ದಾರೆ.

ಇಂತಹ ವ್ಯಾನಿನ ಬ್ರೇಕು ಸವೆದಾಗ ಅಂಗಡಿಗೆ ಹೋಗಿ ‘ಮಟಾಡೋರ್ ಬ್ರೇಕ್ ಸಾಮಾನು ಕೊಡಿ’ ಎಂದು ಕೇಳಿದರೆ ಸಾಕೇ? ಸಾಲದು. ರಾಜಘಟ್ಟದಲ್ಲಿ 2001ರಲ್ಲಿ ಉತ್ಖನನ ನಡೆದಾಗ ಬೌದ್ಧ ಚೈತ್ಯದ ಅವಶೇಷಗಳೊಡನೆ ಮಣ್ಣಿನ ಮುದ್ರಿಕೆಗಳು ದೊರೆತವು. ಒಂದೇ ಅಚ್ಚಿನಿಂದ ಒತ್ತಿದ ಮುದ್ರಿಕೆಗಳು ಒಂದನ್ನೊಂದು ಹೋಲುತ್ತವೆ. ಒಂದೇ ಹೆಸರಿನ ವಾಹನದ ಭಾಗಗಳೂ ಹಾಗೆಯೇ ಇರಬೇಕೆಂದು ಜನ ಭಾವಿಸುವುದು ಸಹಜ. ಆದರೆ ದಶಕಗಟ್ಟಲೆ ತಯಾರಾದ ವಾಹನದಲ್ಲಿ ಹೆಸರು ಅದೇ ಉಳಿದು ಅಚ್ಚು ಬದಲಾಗುತ್ತದೆ. ಮೇಲಾಗಿ ನಲವತ್ತು ವರ್ಷಗಳಲ್ಲಿ ನಾಲ್ಕಾರು ಕೈ ಬದಲಾದ ವ್ಯಾನಿನಲ್ಲಿ ಹಿಂದಿನ ಮಾಲೀಕರು ಯಾವ ವಾಹನದ ಸಿಲಿಂಡರನ್ನು ಕೂಡಿಸಿದ್ದರೋ ಬಲ್ಲವರಾರು? ಆದ್ದರಿಂದ ಹೆಸರನ್ನಲ್ಲ, ಅಳತೆಯನ್ನು ನಂಬಬೇಕು.

ಅಳತೆಯ ಹಿಂದಿನ ತತ್ತ್ವ

ದ್ರವಚಾಲಿತ ಬ್ರೇಕು ಕೆಲಸ ಮಾಡುವುದು ಪಾಸ್ಕಲ್ ನಿಯಮದಂತೆ. ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವು ಬ್ರೇಕ್ ಆಯಿಲಿನ ಮೂಲಕ ಎಲ್ಲ ಚಕ್ರಗಳಿಗೂ ಸಮನಾಗಿ ತಲಪುತ್ತದೆ. ಚಕ್ರದಲ್ಲಿರುವ ವೀಲ್ ಸಿಲಿಂಡರಿನ ಪಿಸ್ಟನ್ನು ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಶೂಗಳ ಮೇಲಿನ ಲೈನಿಂಗ್ ತಿರುಗುವ ಡ್ರಮ್ಮಿಗೆ ಒತ್ತಿಕೊಂಡು ವೇಗವನ್ನು ತಗ್ಗಿಸುತ್ತದೆ. ಒತ್ತಡ ಸಮನಾಗಿದ್ದರೂ ತಳ್ಳುವ ಬಲವು ಪಿಸ್ಟನ್ನಿನ ವಿಸ್ತೀರ್ಣವನ್ನು ಅವಲಂಬಿಸಿದೆ; ವಿಸ್ತೀರ್ಣವಾದರೋ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಮುಕ್ಕಾಲು ಇಂಚಿನ ಸಿಲಿಂಡರು 19.05 ಮಿಲಿಮೀಟರು, ಏಳು ಎಂಟಾಂಶ ಇಂಚಿನದು 22.22, ಒಂದು ಇಂಚಿನದು 25.40. ಹೊರಗಿನಿಂದ ನೋಡಿದರೆ ಮೂರೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಎಡ ಚಕ್ರದಲ್ಲಿ 22.22ರದನ್ನು ಉಳಿಸಿ, ಬಲ ಚಕ್ರಕ್ಕೆ 25.40ರದನ್ನು ಕೂಡಿಸಿದರೆ ಬಲಗಡೆಯ ಶೂಗಳ ಮೇಲೆ ನೂರಕ್ಕೆ ಸುಮಾರು 31ರಷ್ಟು ಹೆಚ್ಚು ಬಲ ಬೀಳುತ್ತದೆ. ಬ್ರೇಕು ಒತ್ತಿದೊಡನೆ ವ್ಯಾನು ಬಲಕ್ಕೆ, ಎಂದರೆ ಎದುರಿನಿಂದ ಬರುವ ವಾಹನಗಳತ್ತ, ಎಳೆಯುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ.

ಮಾಸ್ಟರ್ ಸಿಲಿಂಡರಿನ ಲೆಕ್ಕ ಇದಕ್ಕೆ ವಿಲೋಮವಾದುದು. ಅಲ್ಲಿ 19.05ರ ಬದಲು 22.22ರದನ್ನು ಹಾಕಿದರೆ, ಅದೇ ಬಲದಿಂದ ತುಳಿದರೂ ಹುಟ್ಟುವ ಒತ್ತಡ ನೂರಕ್ಕೆ ಸುಮಾರು 27ರಷ್ಟು ಕಡಿಮೆ. ಪೆಡಲು ಗಟ್ಟಿಯಾಗಿ ತೋರುವುದರಿಂದ ‘ಬ್ರೇಕು ಚೆನ್ನಾಗಿದೆ’ ಎಂಬ ಭ್ರಮೆ ಹುಟ್ಟುತ್ತದೆ. ವ್ಯಾನು ಮಾತ್ರ ತಡವಾಗಿ ನಿಲ್ಲುತ್ತದೆ.

ಇಂಚು ಮತ್ತು ಮಿಲಿಮೀಟರು

ಭಾರತದ ರಸ್ತೆಗಳಲ್ಲಿ ಎರಡು ಅಳತೆಯ ಪದ್ಧತಿಗಳು ಬಹುಕಾಲ ಜೊತೆಯಾಗಿ ಓಡಿದವು. ಇಂಗ್ಲೆಂಡಿನ ಮೂಲದ ಅಂಬಾಸಡರ್ ಕಾರು ಮೊದಲಾದವು ಇಂಚಿನ ಲೆಕ್ಕದವು; ಜರ್ಮನಿಯ ಮೂಲದವು ಮಿಲಿಮೀಟರಿನವು. ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಎರಡೂ ಬಗೆಯ ಸಾಮಾನುಗಳು ಸೇರಿಕೊಂಡಿರುತ್ತವೆ. 25 ಮಿಲಿಮೀಟರಿನ ರಬ್ಬರ್ ಕಪ್ಪನ್ನು 25.40ರ ಸಿಲಿಂಡರಿಗೆ ಕೂಡಿಸಿದರೆ ಅದು ಸಲೀಸಾಗಿ ಕೂತುಕೊಳ್ಳುತ್ತದೆ; ಕೆಲವು ದಿನಗಳ ಮೇಲೆ ಜಿನುಗತೊಡಗುತ್ತದೆ. ಸಲೀಸಾಗಿ ಕೂತದ್ದೇ ಅದರ ದೋಷ.

ಪೈಪಿನ ನಟ್ಟುಗಳದೂ ಇದೇ ಕಥೆ. ಮೂರು ಎಂಟಾಂಶ ಇಂಚಿನ ನಟ್ಟಿನ ಹೊರವ್ಯಾಸ 9.53 ಮಿಲಿಮೀಟರು, ಹತ್ತು ಮಿಲಿಮೀಟರಿನದು 10. ಮರೆಗಳ ಅಂತರವೂ ತೀರ ಹತ್ತಿರ. ಒಂದನ್ನು ಇನ್ನೊಂದರಲ್ಲಿ ತಿರುಗಿಸಿದರೆ ಒಂದೆರಡು ಸುತ್ತು ಹಿಡಿದಂತೆ ಭಾಸವಾಗಿ, ಒತ್ತಡ ಏರಿದಾಗ ಮರೆ ಕಿತ್ತುಬರುತ್ತದೆ. ಪೈಪಿನ ತುದಿಯನ್ನು ಅಗಲಿಸಿರುವ ರೀತಿಯಲ್ಲಿಯೂ ಎರಡು ಬಗೆಗಳುಂಟು: ಒಂದು ಗುಳ್ಳೆಯಾಕಾರ, ಇನ್ನೊಂದು ಒಳಮಡಿಸಿದ ಆಲಿಕೆಯಾಕಾರ. ಒಂದರ ಪೀಠ ಇನ್ನೊಂದಕ್ಕೆ ಒಪ್ಪುವುದಿಲ್ಲ. ನಟ್ಟನ್ನು ಎಷ್ಟು ಬಿಗಿದರೂ ಸೋರಿಕೆ ನಿಲ್ಲುವುದಿಲ್ಲ.

ಡ್ರಮ್ಮು ಮತ್ತು ಲೈನಿಂಗ್

ಡ್ರಮ್ಮಿನ ಒಳಮೈ ಗೀರುಬಿದ್ದಾಗ ಲೇಥಿನ ಮೇಲೆ ಕಡೆಸುವುದು ವಾಡಿಕೆ. ಇದಕ್ಕೆ ಮಿತಿಯಿದೆ. ಅನೇಕ ಡ್ರಮ್ಮುಗಳ ಮೇಲೆಯೇ ಗರಿಷ್ಠ ವ್ಯಾಸವನ್ನು ಅಚ್ಚು ಹಾಕಿರುತ್ತಾರೆ. ಅದನ್ನು ಮೀರಿ ಕಡೆದ ಡ್ರಮ್ಮು ತೆಳುವಾಗಿ, ಕಾವೇರಿದಾಗ ಬಿರಿಯಬಹುದು. ಒಂದೇ ಆಕ್ಸಲಿನ ಎರಡು ಡ್ರಮ್ಮುಗಳನ್ನೂ ಒಂದೇ ವ್ಯಾಸಕ್ಕೆ ಕಡೆಸಬೇಕು. ಡ್ರಮ್ಮು ದೊಡ್ಡದಾದಾಗ ಮೊದಲಿನ ಲೈನಿಂಗ್ ನಡುವೆ ಮಾತ್ರ ತಾಗುವುದರಿಂದ, ಶೂವಿನ ಬಾಗನ್ನು ಹೊಸ ವ್ಯಾಸಕ್ಕೆ ಹೊಂದುವಂತೆ ಉಜ್ಜಿಸಬೇಕು.

ಹೊಸ ಶೂ ದೊರೆಯದಿದ್ದರೆ ಚಿಂತೆಯಿಲ್ಲ. ಹಳೆಯ ಶೂವಿನ ಉಕ್ಕಿನ ಚೌಕಟ್ಟು ನೆಟ್ಟಗಿದ್ದರೆ ಅದರ ಮೇಲೆಯೇ ಹೊಸ ಲೈನಿಂಗನ್ನು ರಿವೆಟ್ ಹೊಡೆದೋ ಅಂಟಿಸಿಯೋ ಕೂಡಿಸಬಹುದು. ಉದ್ದ, ಅಗಲ, ದಪ್ಪ ಮೂರನ್ನೂ ಹಳೆಯದರೊಡನೆ ಹೋಲಿಸಿ, ಎರಡೂ ಚಕ್ರಗಳಿಗೆ ಒಂದೇ ತಯಾರಿಕೆಯ ಲೈನಿಂಗನ್ನೇ ಹಾಕಬೇಕು. ಹಿಂದಿನ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಬಳಕೆಯಲ್ಲಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಹಳೆಯ ಡ್ರಮ್ಮನ್ನು ಬಿಚ್ಚಿದಾಗ ಬಾಯಿಂದಾಗಲಿ ಗಾಳಿಯಂತ್ರದಿಂದಾಗಲಿ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಹುಡುಕುವ ಕ್ರಮ

ಸಾಮಾನಿಗಾಗಿ ದೊಡ್ಡಬಳ್ಳಾಪುರದಲ್ಲಿ ವಿಚಾರಿಸಿ, ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಹೋಗುವುದು ರೂಢಿ. ಬರಿಗೈಯಲ್ಲಿ ಹೋದವರು ಎರಡು ಮೂರು ಬಾರಿ ಅಲೆಯುತ್ತಾರೆ. ಹಳೆಯ ಭಾಗವನ್ನು ತೊಳೆದು, ಅದನ್ನೂ ವರ್ನಿಯರ್ ಕ್ಯಾಲಿಪರನ್ನೂ ಜೊತೆಯಲ್ಲಿ ಒಯ್ಯುವುದು ಜಾಣತನ. ಸಿಲಿಂಡರಿನ ಎರಕದ ಮೈಮೇಲೆ ಉಬ್ಬಿರುವ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಬಹಳಷ್ಟು ಸಿಲಿಂಡರುಗಳ ಮೇಲೆ ಒಳವ್ಯಾಸವೂ ಇರುತ್ತದೆ. ಒಳವ್ಯಾಸವನ್ನು ಅಳೆಯುವಾಗ ಪಿಸ್ಟನ್ನು ಓಡಾಡಿ ಸವೆದ ಜಾಗವನ್ನು ಬಿಟ್ಟು, ಸವೆಯದ ಅಂಚಿನಲ್ಲಿ ಅಳೆಯಬೇಕು. ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿ ತೃಪ್ತರಾಗದೆ, ಒಳಗಿನ ವಸ್ತುವನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು.

ಎಲ್ಲಿಯೂ ಸಿಗದಾದಾಗ ಹಳೆಯ ಸಿಲಿಂಡರನ್ನೇ ಕೊರೆಸಿ, ಒಳಗೆ ಹಿತ್ತಾಳೆಯ ಅಥವಾ ತುಕ್ಕುಹಿಡಿಯದ ಉಕ್ಕಿನ ತೋಳನ್ನು ಕೂಡಿಸಿ ಮೂಲ ಅಳತೆಗೆ ತರುವುದು ಉತ್ತಮ ಮಾರ್ಗ. ಒಪ್ಪದ ಹೊಸದಕ್ಕಿಂತ ಸರಿಪಡಿಸಿದ ಹಳೆಯದೇ ಮೇಲು. ರಬ್ಬರಿನ ವಿಷಯದಲ್ಲಿ ಮಾತ್ರ ಹಳೆಯದರ ಮೋಹ ಸಲ್ಲದು. ಹತ್ತಾರು ವರ್ಷ ಗೋದಾಮಿನಲ್ಲಿದ್ದ ಕಪ್ಪು ಬಳಸದಿದ್ದರೂ ಬಿರುಸಾಗಿರುತ್ತದೆ.

ಬ್ರೇಕ್ ಆಯಿಲಿಗೆ ಆಯಿಲೆಂಬ ಹೆಸರಿದ್ದರೂ ಅದು ಎಂಜಿನ್ ಆಯಿಲಿನ ಜಾತಿಯದಲ್ಲ. ಎಂಜಿನ್ ಆಯಿಲು ಸೋಕಿದರೆ ಬ್ರೇಕಿನ ರಬ್ಬರು ಊದಿಕೊಂಡು ಕೆಡುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ್ದಕ್ಕೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ನಂದಿ ಬೆಟ್ಟದಂತಹ ಇಳಿಜಾರಿನಲ್ಲಿ ಸತತವಾಗಿ ಬ್ರೇಕು ಒತ್ತಿದಾಗ ಆಯಿಲು ಕುದಿದು ಆವಿಯಾದರೆ ಪೆಡಲು ಪೊಳ್ಳಾಗಿ ತಳಕ್ಕಿಳಿಯುತ್ತದೆ.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ಕೊಳವೆಯೊಳಗಿನ ಗಾಳಿಯನ್ನು ತೆಗೆಯುವುದು ಸಾಮಾನ್ಯ ಕ್ರಮ. ಅನಂತರ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಬೇಕು. ಅದು ಮೆಲ್ಲಗೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆಯಿದೆ. ಬಯಲಿನಲ್ಲಿ, ಖಾಲಿ ವ್ಯಾನಿನಲ್ಲಿ, ನಿಧಾನವಾಗಿ ಓಡಿಸಿ ನಿಲ್ಲಿಸಿ, ಯಾವ ಕಡೆಗಾದರೂ ಎಳೆಯುವುದೇ ಎಂದು ನೋಡಬೇಕು. ಒಂದು ಡ್ರಮ್ಮು ಜೊತೆಯ ಡ್ರಮ್ಮಿಗಿಂತ ಹೆಚ್ಚು ಬಿಸಿಯಾಗಿದ್ದರೆ ಶೂ ಹಿಂದಕ್ಕೆ ಸರಿಯುತ್ತಿಲ್ಲವೆಂದು ತಿಳಿಯಬೇಕು. ಇಷ್ಟಾಗುವವರೆಗೆ ವ್ಯಾನಿನಲ್ಲಿ ಯಾರನ್ನೂ ಕೂರಿಸಬಾರದು.

ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿಯನ್ನು ನೀಡಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮಗಳನ್ನು ಹೊರಡಿಸಿತು. ಹೀಗೆ ನೋಂದಣಿಯಾದ ವಾಹನವನ್ನು ದಿನನಿತ್ಯದ ಇಲ್ಲವೆ ಬಾಡಿಗೆಯ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ ಮೊದಲಾದ ಸಂದರ್ಭಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಅಪರೂಪಕ್ಕೆ ಓಡುವ ವಾಹನಕ್ಕೆ ಬ್ರೇಕಿನ ಆರೈಕೆ ಇನ್ನೂ ಹೆಚ್ಚು ಬೇಕು. ಏಕೆಂದರೆ ನಿಂತಲ್ಲೇ ನಿಂತ ವ್ಯಾನಿನ ಸಿಲಿಂಡರು ತುಕ್ಕುಹಿಡಿಯುತ್ತದೆ, ಶೂ ಅಂಟಿಕೊಳ್ಳುತ್ತದೆ.

ಶರಣರು ಕಾಯಕಕ್ಕೆ ಪೂಜೆಯ ಸ್ಥಾನವನ್ನು ಕೊಟ್ಟರು. ಗ್ಯಾರೇಜಿನಲ್ಲಿ ಮೈಕೈ ಮಸಿಯಾಗಿಸಿಕೊಂಡು ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಹಿಡಿದು ‘ಇದು ಆಗದು, ಬೇರೆ ತನ್ನಿ’ ಎನ್ನುವ ಕುಶಲಿಯದು ಅಂತಹ ಕಾಯಕವೇ ಸರಿ. ಶಾಲೆಗೆ ಹಳೆಯ ವ್ಯಾನೊಂದನ್ನು ದಾನವಾಗಿ ಕೊಡುವವರು ಅದರೊಡನೆ ಒಂದು ಸಣ್ಣ ಪುಸ್ತಕವನ್ನೂ ಕೊಡುವುದು ಲೇಸು. ಸಿಲಿಂಡರುಗಳ ವ್ಯಾಸ, ಡ್ರಮ್ಮಿನ ಅಳತೆ, ನಟ್ಟಿನ ಮರೆ, ಆಯಿಲು ಬದಲಿಸಿದ ದಿನಾಂಕ ಇವಿಷ್ಟೂ ಅದರಲ್ಲಿರಬೇಕು. ಭೌತಶಾಸ್ತ್ರದ ಅಧ್ಯಾಪಕರಿಗೂ ಅದು ಒದಗೀತು: ಪಾಸ್ಕಲ್ ನಿಯಮವನ್ನು ಕರಿಹಲಗೆಯಲ್ಲಿ ಓದಿದ ವಿದ್ಯಾರ್ಥಿ, ಕ್ಯಾಲಿಪರು ಹಿಡಿದು ಸಿಲಿಂಡರನ್ನು ಅಳೆದಾಗ ಆ ನಿಯಮ ಎಷ್ಟು ಜನರ ಜೀವವನ್ನು ಕಾಯುತ್ತಿದೆಯೆಂಬುದನ್ನು ಕಂಡುಕೊಳ್ಳುತ್ತಾನೆ.